ಒಂದೇ ದಿನದಲ್ಲಿ ಬಂದ ವರದಿ

ಜೂನ್ ಹನ್ನೊಂದು, ಬೆಳಿಗ್ಗೆ ಹತ್ತು ಇಪ್ಪತ್ತು. ನೂಲ್ಪುಳದ ಕಾಡಂಚಿನ ಹಾಡಿಯ ಮಾದಮ್ಮ ಠಾಣೆಗೆ ಬಂದದ್ದು ಅದು ಮೂರನೇ ಸಲ. ಹಿಂದಿನೆರಡು ಸಲವೂ ರೈಟರ್ ಸುಜೀಶ್, “ಬೂಷ್ಟಿನ ಮೇಲೆ ಕೇಸ್ ಹಾಕೋಕಾಗುತ್ತೇನಮ್ಮ?” ಎಂದು ನಕ್ಕು ಕಳಿಸಿದ್ದ. ಈ ಸಲ ಇನ್‌ಸ್ಪೆಕ್ಟರ್ ನಳಿನಿ ಎದುರಿಗೇ ಇದ್ದರು.

“ಏನದು ಕೈಯಲ್ಲಿ?”

“ನೀರಿನ ಕಾಗ್ದ ಮೇಡಂ. ನೀರು ಚೆಂದಾಗಿ ಅದೆ ಅಂತ ಬರ್ದವ್ರೆ. ನಂಬ್ಕೊಂಡು ಮಗಳ್ಗೆ ಕುಡಿಸ್ದೆ.”

ಮಗಳು ಭಾಗ್ಯಲಕ್ಷ್ಮಿಗೆ ಇಪ್ಪತ್ತಮೂರು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಏಪ್ರಿಲ್‌ನಲ್ಲಿ ಮನೆಗೆ ಬಂದಿದ್ದಳು. ಮೈಯಲ್ಲಿ ರೋಗ ತಡೆಯುವ ಶಕ್ತಿ ಉಳಿದಿಲ್ಲ, ಹಾಡಿಯ ಟ್ಯಾಂಕಿನ ನೀರಲ್ಲಿ ಶಿಲೀಂಧ್ರ ಇದೆಯೇ ಪರೀಕ್ಷೆ ಮಾಡಿಸಿ, ಅಲ್ಲಿವರೆಗೂ ಕುದಿಸಿಯೇ ಬಳಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ‘ಶಿಲೀಂಧ್ರ ಇಲ್ಲ’ ಎಂಬ ವರದಿ ಬಂತು. ಮಾದಮ್ಮ ನೀರು ಕುದಿಸುವುದನ್ನು ಬಿಟ್ಟಳು. ಜೂನ್ ಎರಡರಂದು, ಶ್ವಾಸಕೋಶದ ತುಂಬ ಬೂಷ್ಟು ಹಬ್ಬಿ, ಹುಡುಗಿ ತೀರಿಕೊಂಡಳು.

ನಳಿನಿ ಎಫ್‌ಐಆರ್ ಅನ್ನು ಸುಜೀಶನ ಕೈಯಲ್ಲೇ ಬರೆಸಿದರು. ಅವನು ತಲೆ ಎತ್ತಲಿಲ್ಲ.

ವರದಿಗೆ ಸಹಿ ಹಾಕಿದವನು ನೀರು ಪರೀಕ್ಷಕ ಸುಬೀಷ್. ಮಾದರಿ ತೆಗೆದದ್ದು ಮೇ ಆರು, ವರದಿ ಮೇ ಏಳು. ಕೋಳಿಕ್ಕೋಡಿನ ಪ್ರಯೋಗಾಲಯದ ಸಜಿತ ತಾರೀಖು ನೋಡಿದವಳೇ ಕಾಗದವನ್ನು ಮೇಜಿನ ಮೇಲೆ ಎಸೆದಳು.

“ನೀರನ್ನು ಸೋಸಿ, ಆ ಸೋಸುಹಾಳೆಯನ್ನು ತಟ್ಟೆಯಲ್ಲಿಟ್ಟು ಶಿಲೀಂಧ್ರ ಬೆಳೆಸಬೇಕು. ಎಣಿಸೋಕೆ ಏಳು ದಿನ ಬೇಕು. ಒಂದು ದಿನದಲ್ಲಿ ಕಣ್ಣಿಗೆ ಏನೂ ಕಾಣೋದಿಲ್ಲ.”

ಜೂನ್ ಹದಿಮೂರರಂದು ಹಾಡಿಯ ಇಬ್ಬರ ಎದುರು ಪಂಚನಾಮೆ ನಡೆಯಿತು. ಕಾನ್‌ಸ್ಟೇಬಲ್ ಕಾಳನ್ ಟ್ಯಾಂಕ್ ಹತ್ತಿದ. ಮುಚ್ಚಳ ಸೀಳಿತ್ತು, ಒಳಗೋಡೆಗೆ ಕಪ್ಪು ಲೋಳೆ ಹತ್ತಿತ್ತು. ಸಜಿತ ಶುದ್ಧ ಬಾಟಲಿಗಳಲ್ಲಿ ನೀರು ತುಂಬಿಸಿ, ಸೀಲ್ ಹಾಕಿಸಿ ಒಯ್ದಳು. ಇಪ್ಪತ್ತರಂದು ನಳಿನಿಗೆ ಅವಳ ಫೋನ್ ಬಂತು.

“ಶಿಲೀಂಧ್ರದ ಎಣಿಕೆ ಲೀಟರಿಗೆ ಒಂಬೈನೂರ ನಲವತ್ತು. ಆಸ್ಪತ್ರೆಯಲ್ಲಿ ಹುಡುಗಿಯ ಕಫದಲ್ಲಿ ಸಿಕ್ಕ ಜಾತಿಯೂ ಅದರಲ್ಲಿದೆ.”

“ಸತ್ತದ್ದು ಅದರಿಂದಲೇನಾ?”

“ಹಾಗಂತ ಕೋರ್ಟಿನಲ್ಲಿ ಹೇಳಲಾರೆ. ಪರೀಕ್ಷೆ ಮಾಡದೆ ವರದಿ ಬರೆದಿದ್ದಾನೆ ಅಂತ ಮಾತ್ರ ಖಂಡಿತ ಹೇಳ್ತೇನೆ.”

ಮರುದಿನ ಮಧ್ಯಾಹ್ನ ಸುಬೀಷ್ ಇಸ್ತ್ರಿ ಮಡಿಕೆ ಕೆಡದ ಅಂಗಿಯಲ್ಲಿ ಬಂದು, ಯಾರೂ ಹೇಳುವ ಮುಂಚೆಯೇ ಕುರ್ಚಿ ಎಳೆದು ಕೂತ.

“ಅವರೆಲ್ಲ ತೊರೆ ನೀರು ಕುಡಿದು ಬೆಳೆದವರು ಮೇಡಂ. ಅವರ ಹೊಟ್ಟೆ ನಮ್ಮ ಹಾಗಲ್ಲ.”

ಕಾಳನ್ ಬಾಗಿಲ ಬಳಿ ನಿಂತಿದ್ದ. ಅವನೂ ಅಂಥದೇ ಹಾಡಿಯವನು. ನಳಿನಿಗೆ ಹೇಸಿಗೆಯೆನಿಸಿತು. ಆದರೂ ದನಿ ಏರಿಸಲಿಲ್ಲ.

“ನೀರು ಯಾರು ತುಂಬಿದ್ದು?”

“ನಾನೇ. ಆ ಟ್ಯಾಂಕಿನಿಂದಲೇ.”

“ಕ್ಲೋರಿನ್ 0.4 ಅಂತ ಬರೆದಿದ್ದೀಯ.”

“ಅಳೆದೇ ಬರೆದದ್ದು.”

“ಆ ಟ್ಯಾಂಕಿಗೆ ಕಟ್ಟಿದ ದಿನದಿಂದ ಇಂದಿನವರೆಗೂ ಯಾರೂ ಕ್ಲೋರಿನ್ ಹಾಕಿಲ್ಲ. ಕ್ಲೋರಿನ್ ಇರೋದು ಪೇಟೆಯ ನಲ್ಲಿ ನೀರಲ್ಲಿ. ಯಾವ ನಲ್ಲಿಯದು?”

ಸುಬೀಷ್ ಗೋಡೆ ನೋಡಿದ. “ಮೀನಂಗಡಿ ಪೇಟೆದು. ನಮ್ಮನೆ ನಲ್ಲಿ.”

“ಶಿಲೀಂಧ್ರ ಎಣಿಸಿದ್ದು?”

“ಎಣಿಸಲಿಲ್ಲ.”

ಸಂಜೆ ನಾಲ್ಕು ಹತ್ತಕ್ಕೆ ಬಂಧನವಾಯಿತು. ಸುಳ್ಳು ದಾಖಲೆ, ನಿರ್ಲಕ್ಷ್ಯ. ಹೇಳಿಕೆಗೆ ಸಹಿ ಹಾಕುವಾಗ ಕಾರಣವೂ ತಾನಾಗಿ ಹೊರಬಿತ್ತು. ಎರಡು ವರ್ಷದ ಹಿಂದೆ ಹಾಡಿಗೆ ಹೋಗುವ ಕಾಡುದಾರಿಯಲ್ಲಿ ಆನೆಯೊಂದು ಅವನನ್ನು ಅಟ್ಟಿಸಿಕೊಂಡು ಬಂದಿತ್ತು. ಅಂದಿನಿಂದ ಅವನು ಅರಣ್ಯದ ಚೆಕ್‌ಪೋಸ್ಟ್ ದಾಟಿರಲಿಲ್ಲ. ಆಫೀಸಿನಲ್ಲಿ ನಗುತ್ತಾರೆಂದು ಯಾರಿಗೂ ಹೇಳದೆ, ಹನ್ನೊಂದು ಹಾಡಿಗಳ ಬಾಟಲಿಗಳನ್ನು ಮನೆಯಲ್ಲೇ ತುಂಬಿದ್ದ.

“ಹೆದರಿಕೆ ಅನ್ನೋಕೆ ನಾಚಿಕೆ,” ಎಂದರು ನಳಿನಿ, “ಸುಳ್ಳು ಬರೆಯೋಕೆ ನಾಚಿಕೆಯಿಲ್ಲ.” ಫೈಲ್ ಮುಚ್ಚಿದರು.

ಮರುದಿನ ಹಾಡಿಗೆ ಹೋಗಿ ಮಾದಮ್ಮನಿಗೆ ಎಲ್ಲ ಹೇಳಿದರು. ಅವಳು ಬೈಯಬಹುದು, ಅಳಬಹುದು ಎಂದುಕೊಂಡಿದ್ದರು. ಮಾದಮ್ಮ ಕಾಡುದಾರಿಯ ಕಡೆ ಕೈ ತೋರಿಸಿದಳು.

“ಆನೆಗೆ ನಾವೂ ಹೆದರ್ತೀವಿ ಮೇಡಂ. ಒಂದ್ ಮಾತು ಹೇಳಿದ್ರೆ, ನಾವೇ ಬಾಟ್ಲಿ ತುಂಬ್ಕೊಂಡು ರೋಡಿಗಂಟ ತಂದ್ಕೊಡ್ತಿದ್ವಿ.”