ಖಾಲಿಯಾಗುತ್ತಿದ್ದ ತಟ್ಟೆ

“ಇವನನ್ನ ಉಳಿಸಿಕೊಡಿ ಡಾಕ್ಟ್ರೇ... ನನ್ನ ಹೆಂಡತಿ ಸಾಕಿದ್ದು. ಅವಳು ಹೋದ್ಮೇಲೆ ನನಗಿರೋದು ಇವನೊಬ್ನೇ!”

ಟೈಲರ್‌ನ ಒದ್ದೆ ಕಣ್ಣು ನೋಡಿ ನಾಯಿ ಡಾಕ್ಟರಮ್ಮನ ಎದೆ ಧಸಕ್ಕೆಂದಿತು. ನಾಯಿ ಹೆಸರಿಗಷ್ಟೇ ಗುಂಡ, ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ತಿಂದದ್ದು ದಕ್ಕದೆ ತಿಂಗಳುಗಳಾಗಿದ್ದವು.

ಪರೀಕ್ಷೆ ಮುಗಿಸಿ ಪಥ್ಯ ಹೇಳಿದಳು.

“ಹಳೇ ಊಟ ಇವನ ಕರುಳಿಗೆ ಒಗ್ತಿಲ್ಲ. ಇವನು ಯಾವತ್ತೂ ತಿನ್ನದ ಮೊಲದ ಮಾಂಸ, ಬೇಯಿಸಿದ ಆಲೂಗಡ್ಡೆ. ಅಷ್ಟೇ! ಬೇರೆ ಒಂದು ತುತ್ತು ಹೋದ್ರೂ ಎಲ್ಲಾ ಮಣ್ಣುಪಾಲು.”

ವಾರವಾರವೂ ಅವನು ಬಂದು, ಟೇಪು ತೆಗೆದು ಗುಂಡನ ನಡು ಅಳೆಯುತ್ತಿದ್ದ. ಪ್ರತಿ ಸಲವೂ ಇಳಿದೇ ಇರುತ್ತಿತ್ತು.

ತಾನು ಅವನು ಬರುವ ದಿನಕ್ಕಾಗಿ ಕಾಯತೊಡಗಿದ್ದೇನೆ ಎಂದು ತಿಳಿದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

“ಕದ್ದು ಏನೋ ತಿನ್ನಿಸ್ತಿದ್ದೀರಿ! ನಿಮ್ಮ ಕೈಯಾರೆ ಸಾಯಿಸ್ತಿದ್ದೀರಿ!”

“ಅವಳಾಣೆ, ಇಲ್ಲ!”

ಮುಖ ಚಿಕ್ಕದು ಮಾಡಿಕೊಂಡು ಹೋದವನು ಮತ್ತೆ ಬರಲಿಲ್ಲ. ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಅವಳೇ ಹೋದಳು.

ಕೆಳಗೆ ಅಂಗಡಿ, ಮೇಲೆ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ ಬಡಿಸಿಟ್ಟ ತಟ್ಟೆ, ಕುರ್ಚಿಯ ಬೆನ್ನಿಗೆ ಹೆಂಗಸಿನ ಶಾಲು. ಯಾರೂ ಇಲ್ಲ!

ಕುರ್ಚಿ ಕಿರ್ರೆಂದಿತು. ಅವಳ ಮೈ ಜುಮ್ಮೆಂದಿತು...

ಕುರ್ಚಿ ಹತ್ತಿದ ಗುಂಡ ಬಕಬಕನೆ ತಿನ್ನುತ್ತಿದ್ದ.

ಅವಳ ಹಿಂದೆಯೇ ಮೇಲೆ ಬಂದಿದ್ದ ಟೈಲರ್ ಬಿಳಿಚಿಕೊಂಡಿದ್ದ. “ದಿನಾ ಅವಳಿಗೆ ಬಡಿಸಿಟ್ಟು ಅಂಗಡಿಗೆ ಇಳೀತೀನಿ. ಬಂದು ನೋಡಿದ್ರೆ ಖಾಲಿ... ಅವಳೇ ಬಂದು ಉಣ್ತಾಳೆ ಅಂದ್ಕೊಂಡಿದ್ದೆ.”

“ಗುಂಡ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?”

“ಅನ್ನಿಸ್ತಿತ್ತು. ಅದಕ್ಕೇ ಬಡಿಸಿಟ್ಟ ಮೇಲೆ ಯಾವತ್ತೂ ತಿರುಗಿ ನೋಡ್ಲಿಲ್ಲ...”

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ತಟ್ಟೆ ತೊಳೆದು ಮೇಲಿನ ಗೂಡಿನಲ್ಲಿಟ್ಟ.

ಮುಂದೆ ಗುಂಡನಿಗೆ ಪಥ್ಯ ದಕ್ಕಿತು. ಒಂದು ದಿನ ಅವನು ಟೇಪು ಹಿಡಿದೇ ಓಡಿಬಂದ.

“ಡಾಕ್ಟ್ರೇ, ಒಂದಿಂಚು ಜಾಸ್ತಿ! ಇವತ್ತು... ಊಟಕ್ಕೆ ಬರ್ತೀರಾ?”

“ಬರ್ತೀನಿ. ಗುಂಡ ಹುಷಾರಾದ್ರೆ ನೀವು ಬರೋದೇ ನಿಂತುಹೋಗುತ್ತೆ ಅಂತ ಹೆದರಿದ್ದೆ ಕಣ್ರೀ!”

ಮೇಜಿನ ಬಳಿ ಅವಳು ಶಾಲಿದ್ದ ಕುರ್ಚಿ ಬಿಟ್ಟು ಸ್ಟೂಲ್ ಎಳೆದುಕೊಂಡಳು.

“ಅದು ಅವರ ಜಾಗ. ಇರ್ಲಿ. ನನಗೆ ಬೇರೆ ತಟ್ಟೆ ಕೊಡಿ.”

ಅವನು ಹೊಳೆಯುವ ಹೊಸ ತಟ್ಟೆ ತಂದಿಟ್ಟ. “ತಂದು ತುಂಬಾ ದಿನ ಆಯ್ತು. ಕರೆಯೋಕೆ ಧೈರ್ಯ ಬರ್ಲಿಲ್ಲ... ಈ ಮನೇಲಿ ನಿಮಗೆ ಭಯ ಆಗಲ್ವಾ?”

“ನಿಮ್ಮನ್ನ ಅಷ್ಟು ಪ್ರೀತಿಸಿದೋರು ನನ್ನನ್ಯಾಕೆ ಹೆದರಿಸ್ತಾರೆ? ಬಡಿಸಿ. ಗುಂಡನಿಗೆ ಮಾತ್ರ ಒಂದು ಅಗುಳೂ ಇಲ್ಲ!”