ಕೆಲಸವಿಲ್ಲದೆ ಬಂದ ಫೋನು

“ಆಮ್ರಪಾಲಿ ಮೇಡಂ ಯಾರ್ರಿ?”

ಬಾಗಿಲಲ್ಲಿ ನಿಂತವನ ಮುಖ ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ಧ್ವನಿ...!

ಕಂಪ್ಯೂಟರ್ ಮೇಲಿದ್ದ ಅವಳ ಬೆರಳುಗಳು ಅಲ್ಲೇ ನಿಂತವು. ವರ್ಷದಿಂದ ಸಂಜೆ ಸಂಜೆ ಫೋನಿನಲ್ಲಿ ಕೇಳಿದ ಧ್ವನಿ ಅದು. ‘ಚಹಾ ಆಯ್ತೇನ್ರಿ ಮೇಡಂ?’ ಎಂದು ಶುರುವಾಗಿ, ‘ಬಸ್ ತಪ್ಪಿಸ್ಕೋಬ್ಯಾಡ್ರಿ ಮತ್ತ’ ಎಂದು ಮುಗಿಯುವ ಧ್ವನಿ.

ಔರಾದ್ ಶಾಖೆಯ ನಾಗಸೇನ. ಇವನೇನಾ? ಇಷ್ಟು ಎತ್ತರ ಇದ್ದಾನಾ?

“ನಾನೇ ರೀ... ನಾಗಸೇನ ಸರ್ ಅಲ್ಲೇನ್ರಿ? ಬರ್ರಿ, ಕೂಡ್ರಿ.”

ಅವಳು ಎದ್ದು ನಿಂತಳು. ಅವನು ಕೂಡಲಿಲ್ಲ. ಅಂಗಿಯ ಮೇಲೆ ದಾರಿಯ ಧೂಳು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

“ಕೂಡ್ಲಿಕ್ಕ ಬಂದಿಲ್ರಿ. ಬೈಸ್ಕೊಳ್ಳಾಕ ಬಂದಿದ್ದೆ. ಸಾಹೇಬ್ರು ಬರೋಬ್ಬರಿ ಬೈದ್ರು, ಆ ಕೆಲಸ ಮುಗೀತು. ಇದೊಂದ್ ನಿಮಗ ತೋರ್ಸಿ ಹೋಗ್ತೇನಿ.”

ಫೋನನ್ನು ಅವಳ ಮೇಜಿನ ಮೇಲಿಟ್ಟ.

‘ನಿಮ್ಮ ವಿಳಂಬದಿಂದ ರೋಗಿಗಳ ಕೆಲಸ ನಿಂತಿದೆ. ಈ ವಿಷಯವನ್ನು ಕಾರ್ಯದರ್ಶಿಗಳ ಗಮನಕ್ಕೆ ತರಲಾಗಿದೆ. ಇಂತಿ, ಆಮ್ರಪಾಲಿ.’

ಅವಳು ಮತ್ತೊಮ್ಮೆ ಓದಿದಳು.

“ಇದು... ನಾ ಬರದಿಲ್ರಿ ಸರ್!”

“ಕೆಳಗ ನಿಮ್ಮ ಹೆಸರದ.”

“ಅದ... ಖರೇ... ಆದ್ರ...”

“ದಿನಾ ಸಂಜಿಕಿ ಮಾತಾಡ್ತಿದ್ವಲ್ರಿ ಮೇಡಂ. ಒಂದ್ ಮಾತು ಬಾಯಿಲೇ ಕೇಳಬಹುದಿತ್ತು. ‘ಯಾಕ ತಡಾ ಆಗ್ಯಾದ ನಾಗಸೇನ’ ಅಂತ.” ಅವನು ಫೋನು ತೆಗೆದುಕೊಂಡ. “ಇನ್ ಮ್ಯಾಲ ಫೋನ್ ಮಾಡಬ್ಯಾಡ್ರಿ. ಏನಿದ್ರೂ ಸಾಫ್ಟ್‌ವೇರಿನ್ಯಾಗೇ ಬರೀರಿ.”

ಹೋಗಿಯೇ ಬಿಟ್ಟ.

ವರ್ಷದಿಂದ ಈ ಮುಖ ಹೇಗಿರಬಹುದು ಎಂದು ಎಷ್ಟು ಸಲ ಯೋಚಿಸಿದ್ದಳು! ಕೊನೆಗೆ ನೋಡಿದ್ದು ಹೀಗೆ.

* * *

ಅದೊಂದು ಟ್ರಸ್ಟಿನ ಕಣ್ಣಿನ ದವಾಖಾನೆ. ದೊಡ್ಡದು ಬೀದರಿನಲ್ಲಿ, ಶಾಖೆಗಳು ಭಾಲ್ಕಿಯಲ್ಲಿ ಮತ್ತು ಔರಾದಿನಲ್ಲಿ. ಹಳ್ಳಿ ಹಳ್ಳಿಗಳಲ್ಲಿ ಶಿಬಿರ ಮಾಡಿ, ಪೊರೆ ಬಂದ ಮುದುಕ ಮುದುಕಿಯರ ಹೆಸರು ಬರೆದುಕೊಳ್ಳುತ್ತಿದ್ದರು. ಔರಾದಿನ ಪಟ್ಟಿ ಮೊದಲು ಭಾಲ್ಕಿಗೆ ಹೋಗಬೇಕು, ಅಲ್ಲಿ ಡಾಕ್ಟರು ಸಕ್ಕರೆ ಕಾಯಿಲೆಯ ರಿಪೋರ್ಟು ನೋಡಿ ಸಹಿ ಹಾಕಬೇಕು, ಆಮೇಲೆ ಬೀದರಿಗೆ, ಆಮ್ರಪಾಲಿಯ ಮೇಜಿಗೆ ಬಂದು ಆಪರೇಷನ್ನಿನ ದಿನ ಮತ್ತು ವ್ಯಾನು ನಿಗದಿಯಾಗಬೇಕು.

ಪಟ್ಟಿ ಬಸ್ ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು. ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ‘ಎಲ್ಲಿಗೆ ಬಂತ್ರಿ?’ ‘ಭಾಲ್ಕಿ ದಾಟ್ಯಾದಂತ್ರಿ.’ ಅವರ ಸಂಜೆಯ ಫೋನುಗಳು ಶುರುವಾದದ್ದು ಹಾಗೆ.

ಇದೆಲ್ಲಕ್ಕೂ ಒಂದು ಸಾಫ್ಟ್‌ವೇರ್ ಹಾಕಿಸೋಣ ಎಂದವರು ಕಾರ್ಯದರ್ಶಿ ಹಾವಗೆಪ್ಪನವರು. ಆರಿಸುವ ಕೆಲಸ ಮಾತ್ರ ಆಮ್ರಪಾಲಿಯ ತಲೆಗೆ ಬಂತು.

“ನೀವು ಸಂಜಿ ಕ್ಲಾಸಿಗಿ ಹೋಗಿ ಕಂಪ್ಯೂಟರ್ ಕಲ್ತೀರಲ್ರಿ ಬಾಯಿ. ನೀವೇ ನೋಡ್ರಿ. ತಪ್ಪಾದ್ರ ನಿಮ್ಮ ಹೆಸರಿಗೇ ಬರ್ತದ, ನೆನಪಿರ್ಲಿ!” ಎಂದು ನಕ್ಕಿದ್ದರು.

ಅವರಿಗೆ ನಗೆ. ಅವಳಿಗೆ ನಿದ್ದೆ ಹೋಯಿತು.

‘ನನಗೇನು ತಿಳಿಯುತ್ತದೆ? ದೊಡ್ಡ ಕಾಲೇಜು ಕಂಡವಳಲ್ಲ...’ ಎನ್ನುತ್ತಲೇ ಕಂಪನಿಗಳಿಗೆ ಫೋನು ಮಾಡಿದಳು. ಉಳಿದದ್ದು ಎರಡು. ಒಂದು ಹೈದರಾಬಾದಿನದು. ಪರದೆ ತುಂಬ ಬಣ್ಣ, ಎಲ್ಲವೂ ತಾನಾಗಿಯೇ ಆಗುತ್ತದೆ, ಮನುಷ್ಯ ಬೆರಳಾಡಿಸಬೇಕಿಲ್ಲ. ಇನ್ನೊಂದು ಕಲಬುರಗಿಯ ಓಂಪ್ರಕಾಶ ಎಂಬವನದು. ನೋಡಲು ತೀರ ಸಾದಾ. ಆದರೆ ನೆಟ್‌ವರ್ಕ್ ಇಲ್ಲದ ಕಡೆಯೂ ಬರೆದಿಡಬಹುದು, ಸಿಕ್ಕಾಗ ತಾನೇ ಹೋಗುತ್ತದೆ.

ಹಾವಗೆಪ್ಪ ಸಾಹೇಬರು ಹೈದರಾಬಾದಿನ ಬಣ್ಣಕ್ಕೆ ಮರುಳಾದರು. ಮೊದಲು ಅದನ್ನೇ ಪ್ರಯೋಗಕ್ಕೆ ಹಾಕಿಸಿದ್ದಾಯಿತು.

ನಾಗಸೇನ ಬಂದುಹೋದ ಮಧ್ಯಾಹ್ನ ಆಮ್ರಪಾಲಿ ಊಟದ ಡಬ್ಬಿ ಬಿಚ್ಚಲಿಲ್ಲ. ಹೈದರಾಬಾದಿಗೆ ಫೋನು ಹಚ್ಚಿದಳು.

“ಮೇಡಂ, ನೀವೇ ಹೇಳಿದ ನಿಯಮ ಅದು,” ಎಂದ ಕಂಪನಿಯವನು ಮೃದುವಾಗಿ. “ಸಂಜೆಯೊಳಗೆ ಪಟ್ಟಿ ಬರದಿದ್ದರೆ ಜ್ಞಾಪನೆ, ಮರುದಿನವೂ ಬರದಿದ್ದರೆ ಮೇಲಿನವರಿಗೆ ದೂರು. ಔರಾದಿಗೆ ಏನು ಇಡೋಣ ಅಂತ ಕೇಳಿದಾಗ, ಭಾಲ್ಕಿಗೆ ಇದ್ದಂಗೇ ಇಡಿ ಅಂದ್ರಿ. ಜವಾಬ್ದಾರಿ ನಿಮ್ಮದು, ಅದಕ್ಕೇ ನಿಮ್ಮ ಹೆಸರಿನಿಂದ ಹೋಗುತ್ತೆ.”

ನೆನಪಾಯಿತು. ಆವತ್ತು ತಲೆ ಸಿಡಿಯುತ್ತಿತ್ತು. ತನ್ನೂರು ಮನ್ನಳ್ಳಿಯ ಕೊನೆಯ ಬಸ್ಸಿನ ಹೊತ್ತಾಗಿತ್ತು. ‘ಇದ್ದಂಗೇ ಇಡ್ರಿ’ ಎಂದು ಚೀಲ ಎತ್ತಿಕೊಂಡು ಓಡಿದ್ದಳು.

ಭಾಲ್ಕಿಯಲ್ಲಿ ನೆಟ್‌ವರ್ಕ್ ಇದೆ, ರಸ್ತೆಯಿದೆ, ಡಾಕ್ಟರಿದ್ದಾರೆ. ಔರಾದಿನ ಶಿಬಿರ ನಡೆಯುವುದು ಡಾಬಕಾದಂಥ ಮೂಲೆ ಹಳ್ಳಿಗಳಲ್ಲಿ. ಅಲ್ಲಿ ಹೇಗೆ ಎಂದು ಅವನನ್ನೇ ಒಂದು ಮಾತು ಕೇಳಬಹುದಿತ್ತಲ್ಲ! ದಿನಾ ಮಾತಾಡುತ್ತಿದ್ದಳು, ಚಹಾದ ಬಗ್ಗೆ, ಬಸ್ಸಿನ ಬಗ್ಗೆ... ಅದೊಂದನ್ನು ಬಿಟ್ಟು.

ಯಂತ್ರ ಬರೆದದ್ದು ನಿಜ. ಆದರೆ ಹೆಸರು ಕೊಟ್ಟವಳು ತಾನೇ.

ಅವನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಕೊನೆಗೆ ಸಾಫ್ಟ್‌ವೇರಿನಲ್ಲೇ ಬರೆದಳು: ‘ಸರ್, ತಪ್ಪು ನನ್ನದು. ದಯವಿಟ್ಟು ಮಾತಾಡಿ.’

ಉತ್ತರ ಬಂತು. ‘ನೋಡಲಾಗಿದೆ.’

ಅಷ್ಟೇ.

ಆ ಸಂಜೆ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಆರು ಹೊಡೆದಾಗ ಅವಳ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು, ನಾಚಿ ಹಿಂದೆ ಬರುತ್ತಿತ್ತು. ‘ಇದು ಬರೀ ಆಫೀಸಿನ ಮಾತಾಗಿದ್ದರೆ ಎದೆ ಯಾಕೆ ಇಷ್ಟು ಭಾರ?’ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ.

ಸೋಮವಾರ ಸಭೆ. ಯಾವ ಸಾಫ್ಟ್‌ವೇರ್ ಎಂದು ಅವಳು ಹೇಳಬೇಕು.

* * *

“ಐತಾರ ದಿನಾನೂ ಕೆಲಸೇನ? ಮಾರಿ ನೋಡ್ಕೋ ಕನ್ನಡ್ಯಾಗ, ಹೈರಾಣ ಆಗೀದಿ,” ಎಂದಳು ತಾಯಿ ಅನುಸೂಯಾಬಾಯಿ.

“ಡಾಬಕಾದಾಗ ಶಿಬಿರ ಅದ, ಹೋಗಿ ಬರ್ತೇನಿ ಅವ್ವ. ನೋಡ್ಲಾರದ ಹ್ಯಾಂಗ ಆರಸ್ಲಿ?”

ಬೀದರಿನಿಂದ ಔರಾದ್ ಬಸ್ಸು. ಅಲ್ಲಿಂದ ಟಂಟಂ ಆಟೊ. ಬೆನ್ನು ನುಗ್ಗಾಗುವ ಹೊತ್ತಿಗೆ ಡಾಬಕಾ ಬಂತು. ಫೋನು ನೋಡಿದಳು. ನೆಟ್‌ವರ್ಕಿನ ಒಂದು ಕಡ್ಡಿಯೂ ಇಲ್ಲ.

ಶಾಲೆಯ ಜಗಲಿಯಲ್ಲಿ ಶಿಬಿರ ನಡೆದಿತ್ತು. ನಾಗಸೇನ ಒಬ್ಬ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಎತ್ತಿ ಇವಳನ್ನು ನೋಡಿದ. ಒಂದು ಕ್ಷಣ ಮುಖ ಅರಳಿತು... ಆಮೇಲೆ ಅದನ್ನು ಅವನೇ ಮುದುಡಿಸಿಕೊಂಡ.

“ತಪಾಸಣಿಗಿ ಬಂದೀರೇನ್ರಿ?”

“ಕಲೀಲಿಕ್ಕ ಬಂದೀನ್ರಿ.”

ಅವನು ಮುದುಕಿಯ ಕಡೆ ತಿರುಗಿದ. “ಈರಮ್ಮಾಯಿ, ಆಪರೇಷನ್ನಿಗಿ ಸಂಗಡ ಯಾರ ಬರ್ತಾರ?”

“ನನಗೇನ್ ಗೊತ್ತಪಾ? ಸೊಸಿಗಿ ಕೇಳು. ಆಕಿ ಕೂಲಿ ಬಿಟ್ಟು ಬರಬೇಕಲ್ಲ.”

“ಸಂಜಿಕಿ ಮನಿಗಿ ಬರ್ತೇನಿ, ಕೇಳ್ತೇನಿ.” ಅವನು ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟ.

ಆಮ್ರಪಾಲಿಗೆ ಥಟ್ಟನೆ ಏನೋ ಹೊಳೆಯಿತು.

“ಸರ್... ಪಟ್ಟಿ ತಡಾ ಆಗೋದು ಇದಕ್ಕೇನ್ರಿ?”

ಅವನು ದಣಿದ ದನಿಯಲ್ಲಿ ಹೇಳಿದ, “ಹೆಸರು ಬರಕೊಂಡ ಕೂಡ್ಲೇ ಕಳಸ್ಬಹುದ್ರಿ. ವ್ಯಾನ್ ಬರ್ತದ. ಆದ್ರ ಮನ್ಯಾಗ ಹೂಂ ಅಂದಿರಂಗಿಲ್ಲ. ಮುದುಕರು ಹತ್ತಂಗಿಲ್ಲ. ಖಾಲಿ ವ್ಯಾನ್ ವಾಪಸ್ ಹೋಗ್ತದ. ಮತ್ತ ಅವರ ಪಾಳಿ ಬರೋದ್ರಾಗ ಕಣ್ಣೇ ಹೋಗಿರ್ತದ. ಅದಕ್ಕ ಮನಿ ಮನಿಗಿ ಹೋಗಿ ಕೇಳ್ತೇನಿ. ಕೆಲವ್ರು ಲಗೂ ಒಪ್ತಾರ, ಕೆಲವ್ರು ಒಪ್ಪಂಗಿಲ್ಲ. ಕಾಯ್ತೇನಿ.”

“ಇದನ್ನ ಸಾಹೇಬ್ರಿಗಿ ಯಾಕ ಹೇಳ್ಲಿಲ್ರಿ?”

“ಕೇಳಿದ್ರ ಹೇಳ್ತಿದ್ದೆ. ಅವರ ಕೈಯಾಗ ನಿಮ್ಮ ಹೆಸರಿನ ಕಾಗದಿತ್ತು. ಅದನ್ನ ನೋಡಿದ ಮ್ಯಾಲ ನನ್ನ ಬಾಯೇ ಬರ್ಲಿಲ್ಲ.”

ಅವಳ ಕಣ್ಣು ತುಂಬಿದವು. ಅಷ್ಟರಲ್ಲಿ ಈರಮ್ಮ ಕೈ ಅಡ್ಡ ಹಿಡಿದು ಮಂಜು ಕಣ್ಣಿನಿಂದ ಇವಳನ್ನೇ ದಿಟ್ಟಿಸಿದಳು.

“ಯಾರೋ ನಾಗಸೇನಾ ಈ ಹುಡುಗಿ? ದನಿ ಛಂದದ.”

“ಬೀದರ ದವಾಖಾನಿ ಮೇಡಂ.”

“ಅಯ್ಯ! ದಿಬ್ಬದ ಮ್ಯಾಗಿನ ಫೋನಿನಾಕಿನಾ?”

“ಆಯಿ! ಸುಮ್ಕಿರು!” ನಾಗಸೇನನ ಕಿವಿ ಕೆಂಪಾದವು.

“ನಾ ಯಾಕ ಸುಮ್ಕಿರ್ಲಿ? ಕಣ್ಣಿಲ್ಲ ಅಂದ್ರ ಬಾಯೂ ಇಲ್ಲೇನು?” ಈರಮ್ಮ ಇವಳ ಕೈ ಹಿಡಿದುಕೊಂಡಳು. “ನೋಡು ತಂಗಿ, ನಮ್ಮೂರಾಗ ಫೋನ್ ಹತ್ತಂಗಿಲ್ಲ. ಸಾಲಿ ಹಿಂದ ದಿಬ್ಬದಲ್ಲ, ಅದರ ನೆತ್ತಿ ಮ್ಯಾಗ ಅಷ್ಟೇ ಹತ್ತತದ. ಈಂವ ಇಲ್ಲಿ ಬಂದಾಗೆಲ್ಲ ದಿನಾಪೂರ್ತಿ ದುಡದು, ಹೊತ್ತು ಮುಳುಗೋ ಮುಂದ ಆ ಕಲ್ಲಾಗ ಹತ್ತತಾನ. ‘ನಾಳಿ ಮಾಡಪಾ’ ಅಂದ್ರ, ‘ಕೆಲಸದ ಆಯಿ, ಬೀದರಿಗಿ ಹೇಳಬೇಕು’ ಅಂತಾನ. ಇಳಿಯೋ ಮುಂದ ಹಾಡು ಹಾಡ್ಕೋತ ಇಳೀತಾನ! ಕೆಲಸದ ಫೋನಿಗಿ ಯಾರರೆ ಹಾಡ್ತಾರೇನ?”

ಜಗಲಿಯೆಲ್ಲ ನಕ್ಕಿತು. ಆಮ್ರಪಾಲಿಗೆ ಮಾತ್ರ ನಗು ಬರಲಿಲ್ಲ.

‘ಶಿಬಿರದ ದಿನವೂ ಒಂದೂ ಸಂಜೆ ತಪ್ಪಿರಲಿಲ್ಲ... ಉಸಿರು ಏರುತ್ತಿದ್ದರೂ “ಸುಮ್ನ ಫೈಲ್ ಸಲುವಾಗಿ ಮಾಡ್ದೆ” ಅನ್ನುತ್ತಿದ್ದ. ನಾನು ನಂಬಿದ್ದೆ. ಎಂಥಾ ದಡ್ಡಿ ನಾನು!’

“ಸರ್...” ಎಂದಳು.

ಅವನು ಪಟ್ಟಿಯತ್ತಲೇ ನೋಡುತ್ತಿದ್ದ. “ಹೊಸಾ ಸಾಫ್ಟ್‌ವೇರ್ ಬಂದ್ರ ಫೋನ್ ಬೇಕಾಗಂಗಿಲ್ಲಲ್ರಿ. ದಿಬ್ಬ ಹತ್ತೋ ತ್ರಾಸ ತಪ್ತದ. ಒಳ್ಳೇದೇ ಆಯ್ತು.”

ಆ ‘ಒಳ್ಳೇದೇ’ ಎಷ್ಟು ಸೋತಿತ್ತು!

ಟಂಟಂನವನು ಹಾರ್ನ್ ಒತ್ತುತ್ತಿದ್ದ. “ನಾಳಿ ಸಭಾದಾಗ ನನ್ನ ಹೆಸರಿಲೇ ಒಂದ್ ಮಾತು ಹೇಳ್ತೇನ್ರಿ. ಈ ಸಲ ಖರೇನೇ ನನ್ನ ಮಾತು,” ಎಂದಷ್ಟೇ ಹೇಳಿ ಹತ್ತಿದಳು.

* * *

“ಕಲಬುರಗಿದಾ?” ಹಾವಗೆಪ್ಪನವರು ಕನ್ನಡಕ ತೆಗೆದರು. “ಅಲ್ರಿ ಬಾಯಿ, ಛಂದ ಇದ್ದದ್ದು ಬಿಟ್ಟು ಆ ಬೋಳು ಪರದಾ ಹಾಕಸ್ತೀರಿ? ಇದ್ರಾಗ ಎಲ್ಲಾ ತಾನೇ ಆಗ್ತದ!”

ಆಮ್ರಪಾಲಿ ಮೇಜಿನ ಅಂಚು ಹಿಡಿದುಕೊಂಡಳು.

“ಅದಕ್ಕೇ ಬ್ಯಾಡ ಅಂತೀನ್ರಿ ಸಾಹೇಬ್ರ. ಅದು ತಾನೇ ನನ್ನ ಹೆಸರಿಲೇ ನಾಗಸೇನ ಸರ್ ಮ್ಯಾಲ ದೂರು ಬರೀತು. ನಾ ಬರದಿಲ್ಲ, ಓದಿನೂ ಇಲ್ಲ. ಆದ್ರ ಭಾಲ್ಕಿದೇ ನಿಯಮ ಔರಾದಿಗಿ ಇಡ್ರಿ ಅಂದಾಕಿ ನಾನೇ. ತಪ್ಪು ನಂದು. ನೀವು ಅವರಿಗಿ ಬೈದದ್ದು ನನಗ ಬೈಬೇಕಿತ್ತು.”

ಅವಳು ಡಾಬಕಾದಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಖಾಲಿ ಹೋಗುವ ವ್ಯಾನು, ಕೂಲಿ ಬಿಡಲಾಗದ ಸೊಸೆ, ನೆಟ್‌ವರ್ಕ್ ಇಲ್ಲದ ಜಗಲಿ. ದಿಬ್ಬದ ಮಾತೊಂದನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಳು.

“ಓಂಪ್ರಕಾಶರ ಸಾಫ್ಟ್‌ವೇರಿನ್ಯಾಗ ನಾವೇ ಒಂದು ಹಂತ ಸೇರಸ್ಬಹುದ್ರಿ. ‘ಮನಿಯವ್ರು ಒಪ್ಪಿಲ್ಲ, ಕಾಯ್ಲಾಕತ್ತೀವಿ’ ಅಂತ. ಅದು ತಡಾ ಅಲ್ರಿ, ಅದೂ ಕೆಲಸನೇ. ಮತ್ತ ಯಾರ ಹೆಸರಿಲೇ ಕಾಗದ ಹೋಗ್ತದೋ, ಅವರು ಓದಿ ಹೂಂ ಅಂದ ಮ್ಯಾಲೇ ಹೋಗ್ತದ.”

ಹಾವಗೆಪ್ಪನವರು ಬಹಳ ಹೊತ್ತು ಕನ್ನಡಕ ಒರೆಸಿದರು.

“ನಾಳಿ ಇದೂ ಕೈ ಕೊಟ್ರ?”

“ನನ್ನ ಹೆಸರಿಗೇ ಬರ್ಲಿ ರೀ.” ಧ್ವನಿ ಒಡೆಯಿತು, ಆದರೆ ಅವಳು ಮಾತು ಬದಲಿಸಲಿಲ್ಲ.

“ಹೂಂ... ಹಾಕಸ್ರಿ. ಆ ನಾಗಸೇನಗ ನಾನೇ ಫೋನ್ ಮಾಡ್ತೇನಿ. ಬೈಯೋ ಮುಂದ ಲಗೂ ಬೈದೆ, ಇದನ್ನೂ ಲಗೂ ಹೇಳಬೇಕಲ್ಲ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗೆದ್ದೆ ಅನಿಸಲಿಲ್ಲ. ಎಷ್ಟೋ ದಿನದ ಆಯಾಸ ಒಮ್ಮೆಲೇ ಕಾಲಿಗಿಳಿದಿತ್ತು.

* * *

ಹೊಸದು ಶುರುವಾದ ವಾರ ಡಾಬಕಾದಿಂದ ಮೊದಲ ಪಟ್ಟಿ ಬಂತು. ಭಾಲ್ಕಿಯ ಸಹಿಯೂ ಬಂತು. ಈರಮ್ಮನ ಹೆಸರಿನ ಮುಂದೆ, ‘ಮನೆಯವರು ಒಪ್ಪಿದ್ದಾರೆ. ಸೊಸೆ ಜೊತೆಗೆ ಬರುತ್ತಾಳೆ.’

ಆಮ್ರಪಾಲಿ ವ್ಯಾನಿನ ದಿನ ಗೊತ್ತುಮಾಡಿದಳು. ಎಲ್ಲ ಮುಗಿಯಿತು. ಕೇಳಲು ಏನೂ ಉಳಿಯಲಿಲ್ಲ, ಹೇಳಲೂ ಉಳಿಯಲಿಲ್ಲ. ತಾನೇ ಆರಿಸಿದ ಸಾಫ್ಟ್‌ವೇರು ತನ್ನ ಸಂಜೆಯನ್ನೇ ತೆಗೆದುಕೊಂಡು ಹೋಯಿತಲ್ಲ...

ಚೀಲ ಹೆಗಲಿಗೇರಿಸಿದಳು. ಆಗ ಫೋನು ರಿಂಗಾಯಿತು!

“ಚಹಾ ಆಯ್ತೇನ್ರಿ ಮೇಡಂ?”

ಅವಳು ಮತ್ತೆ ಕುರ್ಚಿಗೆ ಕುಸಿದಳು. ಆ ಕಡೆ ಗಾಳಿ ಸುಯ್ಯೆನ್ನುತ್ತಿತ್ತು.

“ಪಟ್ಟಿ ಬಂದದ್ರಿ. ಎಲ್ಲಾ ಬರೋಬ್ಬರಿ ಅದ. ಫೋನ್ ಮಾಡೋ ಕೆಲಸ ಏನೂ ಇದ್ದಿದ್ದಿಲ್ಲ.”

“ಹೌದ್ರಿ. ಕೆಲಸಿಲ್ಲ.”

“ಮತ್ಯಾಕ ಮಾಡಿದ್ರಿ?”

“ಇಷ್ಟ್ ದಿನ ಕೆಲಸದ ಅಂತ ಸುಳ್ಳು ಹೇಳಿ ಮಾಡ್ತಿದ್ದೆ. ಇವತ್ತು ಕೆಲಸಿಲ್ಲ ಅಂತ ಖರೇ ಹೇಳಿ ಮಾಡೀನ್ರಿ.” ಅವನು ಏದುಸಿರು ಬಿಟ್ಟ. “ಜರಾ ತಡೀರಿ... ದಿಬ್ಬ ಹತ್ತಿ ದಮ್ಮು ಹತ್ಯಾದ.”

“ತಡೀತೇನ್ರಿ. ಬಸ್ ಹೋದ್ರ ಹೋಗ್ಲಿ.”

ಇಬ್ಬರೂ ಸ್ವಲ್ಪ ಹೊತ್ತು ಗಾಳಿಯನ್ನೇ ಕೇಳಿದರು.

“ಆಮ್ರಪಾಲಿ...” ಮೊದಲ ಸಲ ಮೇಡಂ ಬಿಟ್ಟು ಕರೆದಿದ್ದ. “ನನ್ನ ಮನಿಗಿ ಬರ್ತೀರೇನ್ರಿ? ಕಾಯಂ?”

ಅವಳು ಕಣ್ಣು ಒರೆಸಿಕೊಂಡಳು. ಇಷ್ಟು ದಿನದ ದಣಿವೆಲ್ಲ ಈ ಒಂದು ಮಾತಿಗಾಗಿಯೇ ಕಾದಿತ್ತೇನೋ.

“ನಂದು ಹೂಂ ಅದ. ಆದ್ರ ಅವ್ವಗ ಕೇಳಬೇಕು, ಕಾಕಾನವ್ರಿಗಿ ಕೇಳಬೇಕು... ತಡಾ ಆಗ್ತದ್ರಿ.”

“ಆಗ್ಲಿ ಬಿಡ್ರಿ. ಮನಿಯವ್ರೆಲ್ಲಾ ಹೂಂ ಅನ್ನೋ ತನಕ ಕಾಯೋದು ನನಗ ರೂಢಿ ಅದ. ನಾನೇ ಬಂದು ಜಗಲಿ ಮ್ಯಾಲ ಕೂಡ್ತೇನಿ.” ಆಮೇಲೆ ಮೆಲ್ಲಗೆ ನಕ್ಕ. “ನಡುವ ಜ್ಞಾಪನಾ ಕಳಸಂಗಿಲ್ಲಲ್ರಿ?”

“ಕಳಸ್ತೇನಿ. ನನ್ನ ಹೆಸರಿಲೇ ಬರ್ತದ.”

“ಅಯ್ಯೋ! ಮತ್ತ?”

“ಹೆದರಬ್ಯಾಡ್ರಿ,” ಎಂದಳು ಅವಳು. “ಈ ಸಲ ನಾನೇ ಬರೆದಿರ್ತೇನಿ.”