ಹದಿನೈದು ದಿನ ಬಿಟ್ಟು

ವಾಚಕ ಮಹಾಶಯರೇ, ಕಾಲಗಣನೆಯಲ್ಲಿ ನುಸುಳಿದ ಒಂದೇ ಒಂದು ದಿನವು ಎರಡು ಹೃದಯಗಳಿಗೆ ಎಸಗಿದ ಅನ್ಯಾಯವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಬೇಕು. ಗಣಿತಕ್ಕೆ ಅಂಜುವವರು ಅಂಜಬೇಕಿಲ್ಲ. ಇಲ್ಲಿ ಬರುವ ಅತಿ ದೊಡ್ಡ ಸಂಖ್ಯೆ ಇಪ್ಪತ್ತೊಂಬತ್ತು.

ನಾಲ್ಕು ಮಹಡಿಯ ಕಟ್ಟಡದ ಕಚೇರಿಯೊಂದರಲ್ಲಿ ಅವಳು ಗುಮಾಸ್ತೆ. ಲಿಫ್ಟಿನ ಬಾಗಿಲಿಗೆ ನೇರ ಎದುರು ಅವಳ ಮೇಜು. ದಿನವಿಡೀ ಆ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಇಳಿದವರು ಯಾರೂ ಅವಳಿಗಾಗಿ ಬಂದವರಲ್ಲ. ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದರೆ, ಬೆಳಿಗ್ಗೆ ಮಡಿಸಿಟ್ಟ ಟವೆಲು ಮಡಿಸಿದಂತೆಯೇ ಇರುತ್ತಿತ್ತು.

ಲಿಫ್ಟ್ ಮೆಕ್ಯಾನಿಕ್ ಮಾತ್ರ ಬೇರೆ. ಎಣ್ಣೆ ಹಾಕಲು ಬಂದವನು ಅವಳ ಮಹಡಿಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಒಂದು ಸ್ಕ್ರೂ ಬಿಚ್ಚಿ, ಅದನ್ನೇ ಮತ್ತೆ ಬಿಗಿದು, ನಡುವೆ ಕತ್ತು ಹೊರಳಿಸಿ ನೋಡುತ್ತಿದ್ದ. ಅವಳು ತಿರುಗಿ ನೋಡಿದರೆ ಅವನ ನೋಟ ಸ್ಕ್ರೂವಿಗೆ ಹಾರುತ್ತಿತ್ತು. ಕಿವಿ ಮಾತ್ರ ಕೆಂಪಾಗಿಯೇ ಉಳಿಯುತ್ತಿತ್ತು.

"ಆ ಸ್ಕ್ರೂಗೂ ಬೇಜಾರಾಗಿರ್ಬೇಕು," ಎಂದಳು ಒಮ್ಮೆ.

"ನಿಮ್ಮನ್ನ ನೋಡ್ತಿರೋದು ನಾನು. ಅದಕ್ಯಾಕೆ ಬೇಜಾರು?"

ಫೆಬ್ರವರಿ ಇಪ್ಪತ್ತರ ಗುರುವಾರ ಅವನು ಸ್ಪ್ಯಾನರ್ ಕೆಳಗಿಟ್ಟು ಮದುವೆಯ ಮಾತೆತ್ತಿದ. ಕಂಪನಿಯವರು ದೂರದ ಊರಿಗೆ ಕರೆಯುತ್ತಿದ್ದಾರೆ, ಅವಳು ಬೇಡವೆಂದರೆ ಹೋಗಿಬಿಡುತ್ತೇನೆ ಎಂದ. "ಹದಿನೈದು ದಿನ ಬಿಟ್ಟು ಬರ್ತೀನಿ. ನೀವು ಸೀಟಲ್ಲಿದ್ರೆ ಒಪ್ಪಿಗೆ ಅಂದ್ಕೋತೀನಿ. ಇಲ್ದಿದ್ರೆ ಏನೂ ಕೇಳಲ್ಲ."

ಉತ್ತರ ಅವಳಲ್ಲಿ ಆಗಲೇ ಇತ್ತು. ಇಲ್ಲದಿದ್ದದ್ದು ಆ ದಿನ ಯಾವುದೆಂಬ ಖಾತರಿ. ಕಚೇರಿಗೆ ಬಂದ ಹೊಸ ಕಂಪ್ಯೂಟರಿನಲ್ಲಿ ಅವಳು ಬೇಸಿಕ್ ಎಂಬ ಸರಳ ಭಾಷೆಯನ್ನು ಕೈಪಿಡಿ ನೋಡಿ ಕಲಿಯುತ್ತಿದ್ದಳು. ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದಳು: ತಾರೀಖಿಗೆ ದಿನಗಳನ್ನು ಕೂಡು, ತಿಂಗಳ ಮಿತಿ ಮೀರಿದರೆ ಕಳೆದು ಮುಂದಿನ ತಿಂಗಳಿಗೆ ಹೋಗು. ಅದು ಅಧಿಕ ವರ್ಷ, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಎಂಬುದನ್ನೂ ಮರೆಯಲಿಲ್ಲ. ಎಷ್ಟು ದಿನ ಎಂದು ಯಂತ್ರ ಕೇಳಿತು. ಹದಿನೈದು ಎಂದು ಒತ್ತಿದಳು. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ಮಾರ್ಚ್ ಆರು, ಶುಕ್ರವಾರ.

ಹಾಗಾಗಿ ಅದರ ಹಿಂದಿನ ದಿನ ಗುರುವಾರ ರಜೆ ಹಾಕಿ, ತನ್ನನ್ನು ಸಾಕಿ ಬೆಳೆಸಿದ ಅಕ್ಕನ ಊರಿಗೆ ಒಪ್ಪಿಗೆ ಕೇಳಲು ಹೋದಳು. ಅಕ್ಕ ವಿಚಾರಿಸಿದಳು, ಮುನಿಸಿಕೊಂಡಳು, "ಮೇಲೆ ಕೆಳಗೆ ಓಡಾಡೋನು ಜೀವನದಲ್ಲಿ ಮುಂದಕ್ಕೆ ಹೋಗ್ತಾನೇನೇ?" ಎಂದು ಚುಚ್ಚಿದಳು, ಕೊನೆಗೆ ತಂಗಿಯ ಕೆನ್ನೆ ಸವರಿ ಹೂಂಗುಟ್ಟಿದಳು.

ಶುಕ್ರವಾರ ಅವಳು ಲಿಫ್ಟಿನ ಪ್ರತಿ ಸದ್ದಿಗೂ ತಲೆಯೆತ್ತಿದಳು. ಮಧ್ಯಾಹ್ನ ಪಕ್ಕದ ಮೇಜಿನ ಹಿರಿಯ ಟೈಪಿಸ್ಟ್ ಕನಿಕರದಿಂದ, ಅವನು ನಿನ್ನೆಯೇ ಬಂದು ಖಾಲಿ ಕುರ್ಚಿ ನೋಡಿ ಹೋದನೆಂದು ತಿಳಿಸಿದರು.

"ನಿನ್ನೆಗೆ ಹದಿನಾಲ್ಕೇ ದಿನ ಆಗಿದ್ದು," ಎಂದಳು ಅವಳು.

"ಅಯ್ಯೋ ಮಗಳೇ, ಹದಿನೈದು ದಿನ ಅಂದ್ರೆ ಎರಡು ವಾರ ಅಲ್ವಾ? ಗುರುವಾರದಿಂದ ಗುರುವಾರಕ್ಕೆ. ಎಂಟು ದಿನ ಅಂದ್ರೂ ನಾವು ಒಂದು ವಾರ ತಾನೇ ಅನ್ಕೊಳ್ಳೋದು?"

ಮಾತು ಕಲಿತಾಗಿನಿಂದ ಆಡಿದ ಮಾತು. ನಾಲಿಗೆಗೆ ಗೊತ್ತಿದ್ದದ್ದು ಬೆರಳಿಗೆ ಮರೆತುಹೋಗಿತ್ತು.

ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದಳು. ಕಂಪನಿಯ ವರ್ಕ್‌ಶಾಪಿನಲ್ಲಿ ಅವನು ಉಪಕರಣದ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದ. ದೂರದೂರಿನ ಕೆಲಸಕ್ಕೆ ಬೆಳಿಗ್ಗೆಯೇ ಸಹಿ ಹಾಕಿದ್ದ. ಎರಡು ವರ್ಷವೋ, ಇನ್ನೂ ಹೆಚ್ಚೋ. ಅವಳು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು. ಅವನು ನಕ್ಕ, ನಗು ಅರ್ಧದಲ್ಲೇ ಒಡೆಯಿತು.

"ನನಗೆ ಒಪ್ಪಿಗೆ ಇತ್ತು. ಈಗಲೂ ಇದೆ," ಎಂದಳು. "ಕಾಯ್ತೀನಿ. ಆದ್ರೆ ಎಷ್ಟು ದಿನ ಬಿಟ್ಟು ಅನ್ಬೇಡಿ. ತಾರೀಖು ಹೇಳಿ, ವಾರ ಹೇಳಿ."

"ಯಾವಾಗ ಬಿಡ್ತಾರೋ ನನಗೇ ಗೊತ್ತಿಲ್ಲ. ಗೊತ್ತಾದ ದಿನ ಬರೀತೀನಿ."

ಚಾಲಕ ಹಾರ್ನ್ ಒತ್ತಿದ. ಅವನು ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಕೈ ಹಿಡಿದ. ವ್ಯಾನು ತಿರುವು ದಾಟಿದ ಮೇಲೂ ಅವಳು ಆ ಕೈಯನ್ನು ಹಿಡಿದಾಗಿದ್ದಂತೆಯೇ ಚಾಚಿ ನಿಂತಿದ್ದಳು.

ಅಂದಿನಿಂದ ಅವಳು ಒಂದು ದಿನವೂ ರಜೆ ಹಾಕಿಲ್ಲ. ಜ್ವರ ಬಂದರೂ ಬಂದು ಕುಳಿತಿರುತ್ತಾಳೆ. ಕಾಗದ ಬಂದಿತೇ ಎಂದು ತಾವು ಕೇಳುವಿರಿ. ಅದೇ ಕಚೇರಿಯ ಕೆಲಸದಲ್ಲಿ ನಾನು ಈ ಊರಿನಲ್ಲಿ ಇದ್ದಷ್ಟು ದಿನ ಬರಲಿಲ್ಲ, ಮಹಾಶಯರೇ. ನನ್ನ ಹಾಸಿಗೆ ಸುತ್ತಿ ಆಯಿತು, ಚೀಲದ ಬಾಯಿ ಬಿಗಿದೂ ಆಯಿತು. ನಾನು ಹತ್ತುವ ಬಸ್ಸು ಅವನಿರುವ ಊರಿನ ಮೇಲೆಯೇ ಹಾಯುತ್ತದೆಯಂತೆ. ಮುಂದಿನ ಊರಿಗೆ ಟಿಕೆಟ್ ತೆಗೆದಿದ್ದರೂ ಅಲ್ಲಿಯೇ ಇಳಿಯುವವನಿದ್ದೇನೆ.